ಯಿದ್ದಿಶ್ ಭಾಷೆ ಸತ್ತುಹೋಗಿದೆ, ಅಲ್ವಾ?

ಇಲ್ಲ. ಮುಂದಿನ ಪ್ರಶ್ನೆ.

ತೆಲ್ ಅವೀವ್‌ನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಮಾಡಿ ಊರಿಗೆ ಬಂದವ ನಾನು. ಇಸ್ರೇಲಿನ ಭಾಷೆ ಹೀಬ್ರೂ ಜೊತೆ ಸ್ವಲ್ಪ ಯಿದ್ದಿಶ್ ಕೂಡ ಕಲಿತೆ ಅಂದರೆ ಸಾಕು, ಇದನ್ನೇ ಕೇಳುತ್ತಾರೆ. ಮೊನ್ನೆ ಮಂಗಳೂರಲ್ಲಿ ಮದುವೆ ಊಟಕ್ಕೆ ಕೂತಾಗ ಮಾವನೊಬ್ಬರು, "ಅಲ್ಲ ಮಾರಾಯ, ಸತ್ತ ಭಾಷೆ ಎಂಥಕ್ಕೆ ಕಲಿತದ್ದು? ಹೀಬ್ರೂ ಗೆದ್ದಾಯ್ತಲ್ಲ!" ಅಂದರು. ಕ್ರಿಕೆಟ್ ಸ್ಕೋರ್ ಹೇಳಿದ ಹಾಗೆ.

ಗೆದ್ದದ್ದು ಹೇಗೆ ಅಂತ ಯಾರೂ ಕೇಳುವುದಿಲ್ಲ. ಯಿದ್ದಿಶ್ ಪೂರ್ವ ಯುರೋಪಿನ ಯಹೂದಿಗಳ ಮನೆಮಾತು. ನಾಜಿಗಳು ಕೊಂದ 60 ಲಕ್ಷ ಯಹೂದಿಗಳಲ್ಲಿ ಹೆಚ್ಚಿನವರು ಆಡುತ್ತಿದ್ದದ್ದು ಅದನ್ನೇ. ಬದುಕಿ ಇಸ್ರೇಲಿಗೆ ಬಂದವರಿಗೆ ಅಲ್ಲಿ ಹೀಬ್ರೂ ಪಾಠ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ 1927ರಲ್ಲೇ ಯಿದ್ದಿಶ್ ಪೀಠ ಆಗಬೇಕಿತ್ತು. ಹೀಬ್ರೂ ಪರ ಇದ್ದವರ ಗಲಾಟೆಯಾಗಿ ನಿಂತಿತು, ಆದದ್ದು 1951ರಲ್ಲಿ. ಯಿದ್ದಿಶ್ ಪತ್ರಿಕೆಗೆ ಆಗ ದಿನಾ ಬರಲು ಅನುಮತಿ ಇರಲಿಲ್ಲ. ಮೊರ್ದೆಖಾಯ್ ತ್ಸಾನಿನ್ ಎಂಬ ಸಂಪಾದಕರು ಏನು ಮಾಡಿದರು ಗೊತ್ತಾ? ವಾರಕ್ಕೆ ಮೂರು ದಿನ ಒಂದು ಹೆಸರಲ್ಲಿ, ಉಳಿದ ದಿನ ಇನ್ನೊಂದು ಹೆಸರಲ್ಲಿ ಪೇಪರ್ ತಂದರು. ಕಿಲಾಡಿ!

1949ರಲ್ಲಿ ಕವಿ ಅವ್ರೊಮ್ ಸುತ್ಸ್‌ಕೆವೆರ್ 'ದಿ ಗೋಲ್ಡೆನೆ ಕೇಯ್ತ್' ಎಂಬ ಸಾಹಿತ್ಯ ಪತ್ರಿಕೆ ಶುರು ಮಾಡಿದರು. ದುಡ್ಡು ಕೊಟ್ಟದ್ದು ಹಿಸ್ತಾದ್ರೂತ್, ಹೀಬ್ರೂ ಬೆಳೆಸಿದ ಅದೇ ಕಾರ್ಮಿಕ ಸಂಘಟನೆ. 1995ರ ತನಕ ನಡೆಯಿತು. ಒಂದು ಕೈಯಲ್ಲಿ ತಡೆ, ಇನ್ನೊಂದು ಕೈಯಲ್ಲಿ ಕಾಸು. ಇದನ್ನೆಲ್ಲ ಪಾಯಸ ಬರುವುದರೊಳಗೆ ಮಾವನಿಗೆ ಹೇಗೆ ಹೇಳಲಿ?

ಕೇಳಲೇಬೇಕು ಅಂದರೆ, ಯಿದ್ದಿಶ್ ಪುಸ್ತಕಗಳನ್ನು ಓದುವವರು ಯಾರು ಅಂತ ಕೇಳಿ. ಕಟ್ಟಾ ಸಂಪ್ರದಾಯಸ್ಥ ಯಹೂದಿಗಳಿರುವ ಜೆರುಸಲೇಮಿನ ಮೆಯಾ ಶೆಆರಿಮ್ ಬೀದಿಗಳಲ್ಲಿ ಮಕ್ಕಳು ಇವತ್ತಿಗೂ ಯಿದ್ದಿಶ್‌ನಲ್ಲೇ ಜಗಳ ಆಡುತ್ತಾರೆ. ಆದರೆ ಆ ಮಡಿವಂತರ ಮನೆಗೆ ಸುತ್ಸ್‌ಕೆವೆರ್ ಕವಿತೆ ಬರುವುದು ಕಡಿಮೆ. ದೇವರ ವಿಷಯ ಬಿಟ್ಟು ಬರೆದದ್ದು ಅವರಿಗೆ ಬೇಡ. ಬೇಕು ಅನ್ನುವವರಿಗೆ ಭಾಷೆ ಬಾರದು.

ನಾನು ನೋಡಿಕೊಳ್ಳುತ್ತಿದ್ದ ಅಜ್ಜ ತೀರಿಕೊಂಡಾಗ ಮಗ ಕಪಾಟು ಖಾಲಿ ಮಾಡಲು ಹೇಳಿದ. ಅಜ್ಜನ ಯಿದ್ದಿಶ್ ಪುಸ್ತಕ ಬಿಡಿಸಿ ನೋಡಿದ. ಲಿಪಿ ಹೀಬ್ರೂವೇ, ಹಾಗಾಗಿ ಅಕ್ಷರ ಕೂಡಿಸಿ ಒಂದು ಸಾಲು ಓದಿದ. ತಲೆಬುಡ ತಿಳಿಯದೆ ಸುಮ್ನೆ ನನ್ನ ಕೈಗೆ ಕೊಟ್ಟ. ಬಾಳೆಹಣ್ಣಿನ ಡಬ್ಬಗಳಿಗೆ ತುಂಬಿ ಸೆಂಟ್ರಲ್ ಬಸ್ ಸ್ಟೇಷನ್ನಿಗೆ ಒಯ್ದೆ. ಹೌದು, ಬಸ್ ಸ್ಟೇಷನ್ನಿಗೇ. ಐದನೇ ಮಹಡಿಯಲ್ಲಿ ಯಿದ್ದಿಶ್ ಪುಸ್ತಕಾಲಯ ಇತ್ತು. ಅಲ್ಲಿದ್ದವರು ಡಬ್ಬ ಇಳಿಸಿಕೊಂಡು, "ಇವೆಲ್ಲ ನಮ್ಮಲ್ಲಿ ಬೇಕಾದಷ್ಟಿವೆ. ಓದುವವರು ಸಿಕ್ಕಿದರೆ ಕರೆದುಕೊಂಡು ಬಾ" ಅಂದರು.