ಮಲ್ಪೆಯ ಮಕ್ಕಳಿಗೆ ದಕ್ಷಿಣ ಧ್ರುವದ ಲೆಕ್ಕ

ಐದನೇ ತರಗತಿಯ ಗಣಿತಕ್ಕೆ ದಕ್ಷಿಣ ಧ್ರುವದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ ಅಂತ ನನಗೆ ಅನಿಸುತ್ತದೆ. ಅಲ್ಲಿಗೆ ಹೋಗುವ ದಾರಿಯಲ್ಲಿ ಅಂಗಡಿ ಇಲ್ಲ. ಲೆಕ್ಕ ತಪ್ಪಿದರೆ ಊಟ ಇಲ್ಲ. ನಮ್ಮ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಆಳಸಮುದ್ರಕ್ಕೆ ಹೋಗುವ ಬೋಟಿಗೆ ಐಸ್, ಡೀಸೆಲ್, ಅಕ್ಕಿ, ನೀರು ತುಂಬಿಸುವುದನ್ನು ನೋಡಿಯೇ ಬೆಳೆದವರು ಅವರು.

ಮೊದಲ ಲೆಕ್ಕ ನಮ್ಮ ದೇಶದ್ದೇ. 1981ರ ಡಿಸೆಂಬರ್ 6ರಂದು ಗೋವಾದಿಂದ ಹಡಗಿನಲ್ಲಿ ಹೊರಟ ತಂಡ 1982ರ ಜನವರಿ 9ರಂದು ಅಂಟಾರ್ಕ್ಟಿಕಾದಲ್ಲಿ ಇಳಿಯಿತು. ಎಷ್ಟು ದಿನ? ಕೆಲವರು 34 ಅಂದರು, ಕೆಲವರು 35. "ಹೊರಟ ದಿನ ಊಟ ಮಾಡ್ಲಿಕ್ಕೆ ಇಲ್ವಾ ಟೀಚರ್?" ಅಂತ ಒಬ್ಬ ಕೇಳಿದ. ಅವನ ಅಪ್ಪ ಬೋಟಿನಲ್ಲಿ ದುಡಿಯುವವರು. ಸರಿಯಾದ ಪ್ರಶ್ನೆ! ಕಳೆದ ದಿನ 34, ಅಕ್ಕಿ ಬೇಕಾದದ್ದು 35 ದಿನಕ್ಕೆ.

ನನಗೆ ಎಲ್ಲಕ್ಕಿಂತ ಇಷ್ಟ ಬಾವುಟದ ಲೆಕ್ಕ. 1911ರಲ್ಲಿ ದಕ್ಷಿಣ ಧ್ರುವವನ್ನು ಎಲ್ಲರಿಗಿಂತ ಮೊದಲು ತಲುಪಿದ ನಾರ್ವೆಯ ಅಮುಂಡ್ಸೆನ್ ದಾರಿಯಲ್ಲಿ ಮೊದಲೇ ಆಹಾರ ಕೂಡಿಟ್ಟಿದ್ದ. ಹಿಮ ಬೀಸುವಾಗ ಆ ರಾಶಿ ಕಾಣಬೇಕಲ್ವಾ? ಅದಕ್ಕೆ ರಾಶಿಯ ಎಡಕ್ಕೆ 10, ಬಲಕ್ಕೆ 10 ಬಾವುಟ ನೆಟ್ಟ. ಒಂದಕ್ಕೂ ಇನ್ನೊಂದಕ್ಕೂ ಸುಮಾರು 900 ಮೀಟರ್. ಈ ತುದಿಯಿಂದ ಆ ತುದಿಗೆ ಎಷ್ಟು ದೂರ? 20 ಬಾವುಟ ಅಂದರೆ 19 ಅಂತರ ಅಂತ ಜಾಣರು ಹೇಳುತ್ತಾರೆ. ಆದರೆ ನಡುವೆ ಆಹಾರದ ರಾಶಿ ಉಂಟು. ಅಂತರ 20, ದೂರ 18 ಕಿಲೋಮೀಟರ್. ಇದನ್ನು ಬಾಯಲ್ಲಿ ಹೇಳಬೇಡಿ. ಅಂಗಳದಲ್ಲಿ ಕೋಲು ನೆಡಿಸಿ, ಮಕ್ಕಳೇ ಎಣಿಸಲಿ. ಬಾವುಟಗಳಿಗೆ ಅವನು ನಂಬರ್ ಯಾಕೆ ಹಾಕಿದ್ದ ಅಂತಲೂ ಕೇಳಿ. ಒಂದೇ ಬಾವುಟ ಸಿಕ್ಕರೂ ಎಡಕ್ಕೆ ಹೋಗಬೇಕೋ ಬಲಕ್ಕೋ, ಎಷ್ಟು ದೂರವೋ ಅದರಿಂದಲೇ ಗೊತ್ತಾಗುತ್ತದೆ.

ಅವನ ತಂಡ ಹೋಗಿ ಬಂದದ್ದು 99 ದಿನಗಳಲ್ಲಿ, ಸುಮಾರು 3000 ಕಿಲೋಮೀಟರ್. ದಿನಕ್ಕೆ 30ರಷ್ಟು. ಉಡುಪಿಯಿಂದ ಮೂಲ್ಕಿಗೆ ಹೆಚ್ಚುಕಡಿಮೆ ಅಷ್ಟೇ ದೂರ, ಆದರೆ ಹಿಮದ ಮೇಲೆ.

ಹೊರಟಾಗ ಜಾರುಬಂಡಿ ಎಳೆಯಲು 52 ನಾಯಿಗಳು, ಮರಳಿದ್ದು 11. ಕಳೆಯುವ ಲೆಕ್ಕ ಸುಲಭ. "41 ಎಲ್ಲಿ ಹೋದವು?" ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಹೆಚ್ಚಿನವನ್ನು ದಾರಿಯಲ್ಲೇ ಕೊಂದರು, ಮಾಂಸವನ್ನು ಉಳಿದ ನಾಯಿಗಳೂ ಮನುಷ್ಯರೂ ತಿಂದರು, ಅದು ಮೊದಲೇ ಹಾಕಿದ ಲೆಕ್ಕವಾಗಿತ್ತು. ನಾನು ಇದನ್ನು ಮುಚ್ಚಿಡುವುದಿಲ್ಲ. ಮಕ್ಕಳಿಗೆ ಸಿಟ್ಟು ಬರುತ್ತದೆ, ಬರಲಿ. ಆ ಹೊತ್ತು ಗಣಿತ ಸ್ವಲ್ಪ ನಿಂತರೂ ನಷ್ಟವಿಲ್ಲ.

ಮನೆಗೆ ಕೊಡಲು ಒಂದು ಲೆಕ್ಕ: ಮಲ್ಪೆ ಸಮಭಾಜಕದಿಂದ ಉತ್ತರಕ್ಕೆ ಸುಮಾರು 13 ಡಿಗ್ರಿಯಲ್ಲಿದೆ. ಒಂದು ಡಿಗ್ರಿಗೆ 111 ಕಿಲೋಮೀಟರ್. ದಕ್ಷಿಣ ಧ್ರುವ ಎಷ್ಟು ದೂರ? 90ರಿಂದ 13 ಕಳೆದು ತರುವವರು ಇದ್ದೇ ಇರುತ್ತಾರೆ. ತಪ್ಪು ಅಂತ ಗೀಟು ಎಳೆಯುವ ಮೊದಲು ಅವರ ಕೈಗೆ ಗ್ಲೋಬ್ ಕೊಡಿ.