ಶನಿವಾರದ ಬಿಳಿ ಬೂಟು

ಇವತ್ತು ಶನಿವಾರ, ಮಗಳಿಗೆ ಬಿಳಿ ಯೂನಿಫಾರ್ಮ್. ಇಸ್ತ್ರಿ ಮಾಡಬೇಕು ಅನ್ನುವಷ್ಟರಲ್ಲಿ ಕರೆಂಟ್ ಹೋಯ್ತು. ಅವ್ವ ಸುಮ್ನೆ ಹಿತ್ತಾಳೆ ಚೊಂಬಿಗೆ ಕುದಿಯೋ ನೀರು ಸುರಿದು, ಇಕ್ಕಳದಲ್ಲಿ ಹಿಡಿದು ಕಾಲರ್ ಮೇಲೆ ಆಡಿಸಿದಳು. ಕಾಲರ್ ನೆಟ್ಟಗೆ ನಿಂತಿತು. ನಾನು ಐದನೇ ಕ್ಲಾಸಲ್ಲಿದ್ದಾಗ ಇದೇ ಚೊಂಬಿನಲ್ಲಿ ಕೆಂಡ ಇರುತ್ತಿತ್ತು.

ಬೂಟಿಗೆ ಮಾತ್ರ ಉಪಾಯವಿಲ್ಲ. ಬಳ್ಳಾರಿಯ ಕೆಂಪು ಧೂಳಿನಲ್ಲಿ ಬಿಳಿ ಕ್ಯಾನ್ವಾಸ್ ಬೂಟು ಹಾಕಿಸೋ ನಿಯಮ ಯಾರು ಮಾಡಿದರೋ! ನಾವು ಚಾಕ್‌ಪೀಸ್ ಉಜ್ಜಿ ಪಿ.ಟಿ. ಮೇಷ್ಟ್ರ ಕಣ್ಣು ತಪ್ಪಿಸುತ್ತಿದ್ದೆವು. ಇವಳೂ ಅದನ್ನೇ ಕಲಿತಿದ್ದಾಳೆ, ನಾನೇನೂ ಹೇಳಿಕೊಟ್ಟಿಲ್ಲ.

ಇನ್ನೊಂದು ತಮಾಷೆ. ನಮ್ಮದು ಜೀನ್ಸ್ ಹೊಲಿಯೋ ಊರು. ನಮ್ಮ ಓಣಿಯಲ್ಲೂ ದಿನವಿಡೀ ಮಷೀನ್ ಸದ್ದು. ಆದರೆ ಹೊಲಿಯುವವರ ಮಕ್ಕಳೇ ಶಾಲೆಗೆ ಜೀನ್ಸ್ ಹಾಕುವ ಹಾಗಿಲ್ಲ. "ಅಪ್ಪಾ, ಒಂದಿನ ಹಾಕ್ಕೊಂಡು ಹೋಗ್ಲೇನು?" ಅಂತ ಇವಳು ಕೇಳುತ್ತಲೇ ಇರುತ್ತಾಳೆ. ಬೇಡ ಅಂತೀನಿ. ನಿಯಮಕ್ಕೆ ಹೆದರಿ ಅಲ್ಲ. ಹುಟ್ಟುಹಬ್ಬಕ್ಕೆ ಕಲರ್ ಡ್ರೆಸ್ ಹಾಕಬಹುದಾದ ದಿನವೂ ನನ್ನ ಪಕ್ಕ ಕೂರುತ್ತಿದ್ದ ಹುಡುಗ ಯೂನಿಫಾರ್ಮಿನಲ್ಲೇ ಬಂದು, "ಮರೆತೆ" ಅಂದಿದ್ದ. ಮರೆತಿರಲಿಲ್ಲ ಅಂತ ಗೊತ್ತಾಗೋಕೆ ನನಗೆ ಬಹಳ ವರ್ಷ ಬೇಕಾಯ್ತು. ಸರ್ಕಾರಿ ಶಾಲೆಗಳಲ್ಲಿ ವಿದ್ಯಾ ವಿಕಾಸ ಯೋಜನೆಯಡಿ ಯೂನಿಫಾರ್ಮ್ ಉಚಿತವಾಗಿ ಸಿಗುತ್ತದೆ. ಕಲರ್ ಡ್ರೆಸ್ ಯಾರು ಕೊಡುತ್ತಾರೆ, ಅಲ್ವಾ?

ಆಟೋ ಬಂತು. ಒಂದು ಬೂಟಿಗಷ್ಟೇ ಚಾಕ್ ಹಚ್ಚಿಕೊಂಡು ಓಡಿದಳು.