ಇವಳು ಇವಳ ಹಾಗಿಲ್ಲ

ಮಗಳಿಗೆ ಆಗ ಏಳು ವರ್ಷ. ನ್ಯುಮೋನಿಯಾ ಸೆಪ್ಸಿಸ್‌ಗೆ, ಅಂದರೆ ಸೋಂಕಿಗೆ ದೇಹ ಹದ ತಪ್ಪಿ ಪ್ರತಿಕ್ರಿಯಿಸಿ ಅಂಗಾಂಗಗಳೇ ಕೆಡುವ ಸ್ಥಿತಿಗೆ ತಿರುಗಿ ಮಕ್ಕಳ ಐಸಿಯುನಲ್ಲಿದ್ದಳು. ಆಂಟಿಬಯೋಟಿಕ್, ಡ್ರಿಪ್, ಆಕ್ಸಿಜನ್ ಎಲ್ಲ ನಡೆದಿತ್ತು. ಜ್ವರ ಇಳಿಯತೊಡಗಿದ್ದರಿಂದ ಎಲ್ಲರಿಗೂ ಸ್ವಲ್ಪ ಉಸಿರು ಬಂದಿತ್ತು.

ಮಧ್ಯಾಹ್ನದ ಹೊತ್ತಿಗೆ ಅವಳು ಹೊದಿಕೆಯ ಅಂಚನ್ನು ಬೆರಳಿನಿಂದ ಕೀಳತೊಡಗಿದಳು. ಇಲ್ಲದ ನೂಲನ್ನು ಎಳೆಯುವ ಹಾಗೆ, ಬಿಡದೆ. ಹೆಸರು ಹಿಡಿದು ಕರೆದೆ. "ಅಮ್ಮ ಎಲ್ಲಿ?" ಅಂತ ನನ್ನನ್ನೇ ಕೇಳಿದಳು. ಸುಸ್ತಿಗೆ ಹಾಗಾಡ್ತಾಳೆ ಅಂದರು ಮನೆಯವರು. ಸುಸ್ತಾದರೆ ನನ್ನ ಮಗಳು ಬಂದು ಅಂಟಿಕೊಳ್ಳುತ್ತಾಳೆ, ನನ್ನ ಗುರುತು ಮರೆಯುವುದಿಲ್ಲ. ನರ್ಸ್‌ಗೆ ಹೇಳಿದೆ, "ಇವಳು ಇವಳ ಹಾಗಿಲ್ಲ."

ಅವರು ನನ್ನ ಮಾತನ್ನು ತಳ್ಳಿಹಾಕಲಿಲ್ಲ. ಕೂಡಲೇ ಟಾರ್ಚ್ ಹಿಡಿದು ಕಣ್ಣಿನ ಪಾಪೆ ನೋಡಿದರು, ಡಾಕ್ಟರನ್ನು ಕರೆದರು. ಸಂಜೆಯ ಹೊತ್ತಿಗೆ ಮಗಳು ಕರೆದರೂ ಕಣ್ಣು ಬಿಡುತ್ತಿರಲಿಲ್ಲ. ಡಾಕ್ಟರ್ ಹುಬ್ಬಿನ ಮೇಲೆ ಹೆಬ್ಬೆರಳು ಒತ್ತಿದಾಗ ಕಣ್ಣು ತುಸು ತೆರೆದು, ಅವರ ಕೈಯನ್ನು ತಳ್ಳಿದಳು. ಬಾಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಪದಗಳು. ಎಚ್ಚರ ಎಷ್ಟಿದೆ ಅಂತ ಅಂಕ ಹಾಕಿದರು: ಕಣ್ಣಿಗೆ 2, ಮಾತಿಗೆ 3, ಚಲನೆಗೆ 5. ಗ್ಲಾಸ್ಗೋ ಕೋಮಾ ಸ್ಕೇಲ್‌ನಲ್ಲಿ ಪೂರ್ತಿ ಎಚ್ಚರವಿದ್ದರೆ 15, ಇವಳದು 10. 2024ರಲ್ಲಿ ಪ್ರಕಟವಾದ ಫೀನಿಕ್ಸ್ ಮಾನದಂಡದಲ್ಲಿ ಮಕ್ಕಳ ಸೆಪ್ಸಿಸ್ ಗುರುತಿಸುವಾಗ ಶ್ವಾಸಕೋಶ, ರಕ್ತಪರಿಚಲನೆ, ರಕ್ತ ಹೆಪ್ಪುಗಟ್ಟುವಿಕೆಯ ಜೊತೆಗೆ ಮಿದುಳಿನ ಸ್ಥಿತಿಯನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಗ್ಲಾಸ್ಗೋ ಅಂಕ 10 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅದೇ ಒಂದು ಅಪಾಯದ ಗುರುತು.

ಸೋಂಕು ತಲೆಗೆ ಏರಿತಾ ಅಂತ ಕೇಳಿದೆ. ಶುಗರ್, ಸೋಡಿಯಂ ನೋಡಿದರು. ಹೊರಗೆ ಕಾಣದ ಫಿಟ್ಸ್ ಇರಬಹುದು ಅಂತ ಮಿದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿ ಮಾಡಿದರು. ಬಿಪಿ ಹತೋಟಿಗೆ ಬಂದ ಮೇಲೆ ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಿದರು. ಅದರಲ್ಲಿ ಸೋಂಕಿನ ಸುಳಿವಿರಲಿಲ್ಲ. ರೋಗಾಣು ಮಿದುಳನ್ನು ಮುಟ್ಟದೆಯೂ ಮಿದುಳು ಕಂಗೆಡಬಹುದು ಅಂತ ನನಗೆ ಗೊತ್ತಾಗಿದ್ದೇ ಅವತ್ತು. ಸೋಂಕಿನ ವಿರುದ್ಧ ದೇಹವೇ ಹೊರಡಿಸುವ ಉರಿಯೂತದ ರಾಸಾಯನಿಕಗಳು ರಕ್ತಕ್ಕೂ ಮಿದುಳಿಗೂ ನಡುವಿನ ತಡೆಯನ್ನು ಸಡಿಲಗೊಳಿಸುತ್ತವೆ. ಬಿಪಿ ಬಿದ್ದರೆ, ಸಣ್ಣ ರಕ್ತನಾಳಗಳು ಕಟ್ಟಿಕೊಂಡರೆ ಮಿದುಳಿಗೆ ಆಕ್ಸಿಜನ್ ಸಾಲುವುದಿಲ್ಲ. ಇದಕ್ಕೇ ಅಂತ ಬೇರೆ ಔಷಧಿಯಿಲ್ಲ. ಸೋಂಕನ್ನು ಹತ್ತಿಕ್ಕಬೇಕು, ಬಿಪಿ, ಆಕ್ಸಿಜನ್, ಶುಗರ್ ಕಾಯಬೇಕು. ಮಂಪರು ಬರಿಸುವ ಔಷಧಿ ಆದಷ್ಟು ಕಡಿಮೆ ಕೊಡಬೇಕು, ರಾತ್ರಿ ನಿದ್ದೆಗೆ ಬಿಡಬೇಕು.

ಒಂದು ವಿಷಯ ಮಾತ್ರ ನನ್ನನ್ನು ಇವತ್ತಿಗೂ ಕಾಡುತ್ತದೆ. ಕಿರುಚಾಡುವ ಮಗು ಎಲ್ಲರ ಕಣ್ಣಿಗೂ ಬೀಳುತ್ತದೆ. ಸುಮ್ನೆ ಮಂಕಾಗಿ ಮಲಗಿದ ಮಗು? ಪಾಪ, ನಿದ್ದೆ ಮಾಡ್ತಿದೆ ಅಂದುಕೊಳ್ಳುತ್ತೇವೆ, ಅಲ್ವಾ? ಡೆಲಿರಿಯಂ, ಅಂದರೆ ಕಾಯಿಲೆಯಿಂದ ದಿಢೀರನೆ ಬರುವ ಮನಸ್ಸಿನ ಗೊಂದಲ, ಹೀಗೆ ಮಂಕಾಗಿಯೂ ಇರುತ್ತದೆ. ಮಗು ಮೊದಲು ಹೇಗಿತ್ತು ಅಂತ ಡಾಕ್ಟರಿಗೆ ಗೊತ್ತಿರುವುದಿಲ್ಲ, ನಮಗೆ ಗೊತ್ತಿರುತ್ತದೆ. ಅದನ್ನು ಹೇಳಲು ಯಾರೂ ಸಂಕೋಚಪಡಬಾರದು.

ನಿಧಾನವಾಗಿ ಚೇತರಿಸಿಕೊಂಡಳು. ಡಿಸ್ಚಾರ್ಜ್ ಚೀಟಿಯಲ್ಲಿ ಎದೆಯ ತಪಾಸಣೆಗೆ ತಾರೀಖಿತ್ತು, ಮಿದುಳಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಮನೆಯಲ್ಲಿ ಓದುತ್ತಾ ಓದುತ್ತಾ ಅದೇ ಸಾಲಿಗೆ ವಾಪಸ್ ಹೋಗುತ್ತಿದ್ದಳು. ಬೇಗ ದಣಿಯುತ್ತಿದ್ದಳು, ಸಣ್ಣದಕ್ಕೂ ಅಳು. ಕೇಳಿ ಕೇಳಿ ಮಕ್ಕಳ ನರರೋಗ ತಜ್ಞರಿಗೆ ಚೀಟಿ ಬರೆಸಿಕೊಂಡೆ. ಅವರು ನೆನಪು ಮತ್ತು ಗಮನದ ಪರೀಕ್ಷೆ ಮಾಡಿಸಿ, ಶಾಲೆಗೆ ಪತ್ರ ಕೊಟ್ಟರು. ಈಗ ಪರೀಕ್ಷೆಯಲ್ಲಿ ಅವಳಿಗೆ ಜಾಸ್ತಿ ಸಮಯ ಕೊಡುತ್ತಾರೆ. ಮುಂದಿನ ತಪಾಸಣೆಗೆ ಅವಳ ನೋಟ್‌ಬುಕ್ ತರಲು ಹೇಳಿದ್ದಾರೆ.